ಶುಕ್ರವಾರ ಬಂದದ್ದು ಸೋಮವಾರ ಎಲ್ಲಿ ಹೋಯಿತು?

ಎರಡನೇ ತರಗತಿಯ ಮಗು ಶುಕ್ರವಾರದ ಉಕ್ತಲೇಖನದಲ್ಲಿ ಹತ್ತಕ್ಕೆ ಹತ್ತು ತೆಗೆದುಕೊಂಡು ಬರುತ್ತದೆ. ಸೋಮವಾರ ಬೆಳಿಗ್ಗೆ ಅವೇ ಹತ್ತು ಪದ ಕೇಳಿದರೆ ನಾಲ್ಕು ತಪ್ಪು. ‘ಮೊನ್ನೆ ತಾನೆ ಸರಿಯಾಗಿ ಬರೆದಿದ್ದೆಯಲ್ಲೋ, ಗಮನ ಎಲ್ಲಿದೆ ನಿಂದು?’ ಎಂದು ಮನೆಯಲ್ಲಿ ಗದರಿಕೆ ಶುರುವಾಗುತ್ತದೆ. ಸಣ್ಣ ಮಕ್ಕಳಿರುವ ಮನೆಗಳಲ್ಲಿ ವಾರವಾರವೂ ನಡೆಯುವ ಸಂಗತಿ ಇದು. ತಪ್ಪನ್ನು ಮಗುವಿನ ತಲೆಗೆ ಕಟ್ಟುವ ಮೊದಲು ಆ ಪದಗಳನ್ನು ಕಲಿಸಿದ ಬಗೆಯನ್ನು ನೋಡಬೇಕು. ಗುರುವಾರ ರಾತ್ರಿ ಒಂದೇ ಸಮನೆ ಇಪ್ಪತ್ತು ಸಲ ಬರೆಸಿದ ಪದ ಶುಕ್ರವಾರದ ಪರೀಕ್ಷೆಗೆ ಸಿಗುತ್ತದೆ, ಸೋಮವಾರಕ್ಕೆ ಸಿಗುವುದಿಲ್ಲ. ನೆನಪಿನ ವಿಜ್ಞಾನ ಇದನ್ನು ಒಂದೂಕಾಲು ಶತಮಾನಕ್ಕೂ ಹಿಂದೆಯೇ ಅಳೆಯಲು ಆರಂಭಿಸಿತು.

ಅಳೆದವನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಸದ್ದುಗಳ ಪಟ್ಟಿ ಮಾಡಿಕೊಂಡು, ಅವನ್ನು ತಾನೇ ಬಾಯಿಪಾಠ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಲಿಯಲು ಎಷ್ಟು ಶ್ರಮ ಬೇಕಾಗುತ್ತದೆ ಎಂದು ಲೆಕ್ಕವಿಟ್ಟು, 1885ರಲ್ಲಿ ಪುಸ್ತಕ ಪ್ರಕಟಿಸಿದ. ಒಂದು ಗಂಟೆ ಕಳೆಯುವಷ್ಟರಲ್ಲಿ ಕಲಿತದ್ದರ ಲಾಭ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತಿತ್ತು. ಒಂದು ದಿನದ ಮೇಲೆ ಉಳಿಯುತ್ತಿದ್ದುದು ಮೂರನೇ ಒಂದು ಪಾಲು, ತಿಂಗಳ ಮೇಲೆ ಐದನೇ ಒಂದು ಪಾಲು. ನೆನಪು ಮೊದಲು ಧಡಧಡ ಇಳಿಯುತ್ತದೆ, ಆಮೇಲೆ ಇಳಿತ ನಿಧಾನವಾಗುತ್ತದೆ. ಅರ್ಥವಿರುವ ಪಾಠ ಇಷ್ಟು ಬೇಗ ಹೋಗುವುದಿಲ್ಲ, ನಿಜ. ಆದರೆ ಅ, ಆ ಗುರುತಿಸಲು ಈಗಷ್ಟೇ ಕಲಿಯುತ್ತಿರುವ ಆರು ವರ್ಷದ ಮಗುವಿಗೆ ಕಾಗದದ ಮೇಲಿನ ಆ ಸುರುಳಿಗಳು ಮೊದಮೊದಲು ಹೆಚ್ಚುಕಡಿಮೆ ಅರ್ಥವಿಲ್ಲದವೇ. ಇದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಇದೆ: ಮರೆತ ಪಟ್ಟಿಯನ್ನು ಎರಡನೇ ಸಲ ಕಲಿಯಲು ಮೊದಲಿನಷ್ಟು ಹೊತ್ತು ಬೇಕಾಗುತ್ತಿರಲಿಲ್ಲ. ಸೋಮವಾರ ತಪ್ಪಾದ ನಾಲ್ಕು ಪದಗಳು ಅಳಿಸಿ ಹೋಗಿಲ್ಲ. ಕೈಗೆ ಎಟುಕದಷ್ಟು ಒಳಗೆ ಇವೆ, ಅಷ್ಟೆ.

ಹಾಗಿದ್ದರೆ ಗುರುವಾರದ ಇಪ್ಪತ್ತು ಸಲವನ್ನು ನಲವತ್ತು ಮಾಡಿದರೆ? ಬ್ರಿಟನ್ನಿನಲ್ಲಿ ಅಂಚೆ ನೌಕರರಿಗೆ ಕೀಲಿಮಣೆ ಕಲಿಸುವಾಗ ಅಲನ್ ಬ್ಯಾಡ್‌ಲಿ ಮತ್ತು ಅವರ ಸಹೋದ್ಯೋಗಿ ಇದನ್ನು ಪರೀಕ್ಷಿಸಿ 1978ರಲ್ಲಿ ವರದಿ ಮಾಡಿದರು. ದಿನಕ್ಕೆ ಒಂದೇ ಗಂಟೆ ಅಭ್ಯಾಸ ಮಾಡಿದವರು, ದಿನಕ್ಕೆ ನಾಲ್ಕು ಗಂಟೆ ಕೂತವರಿಗಿಂತ ಒಟ್ಟಾರೆ ಕಡಿಮೆ ಗಂಟೆಗಳಲ್ಲೇ ಅಷ್ಟೇ ಕೌಶಲ ಗಳಿಸಿದರು. ಆದರೆ ತಮ್ಮ ತರಬೇತಿಯ ಬಗ್ಗೆ ಅತಿ ಕಡಿಮೆ ತೃಪ್ತಿ ಇದ್ದದ್ದೂ ಈ ಒಂದು ಗಂಟೆಯವರಿಗೇ. ದಿನಗಳ ಲೆಕ್ಕದಲ್ಲಿ ತಾವು ಹಿಂದುಳಿಯುತ್ತಿದ್ದೇವೆ ಎಂದು ಅವರಿಗೆ ಅನಿಸುತ್ತಿತ್ತು. ತಂದೆತಾಯಿಗೂ ಹಾಗೇ ಅನಿಸುತ್ತದೆ. ಐದೈದು ನಿಮಿಷ ನಾಲ್ಕು ದಿನ ಕೂರಿಸುವುದಕ್ಕಿಂತ ಒಂದು ರಾತ್ರಿ ಎರಡು ಗಂಟೆ ಕೂರಿಸಿದಾಗ ಕೆಲಸ ಮುಗಿಸಿದ ಸಮಾಧಾನ ಸಿಗುತ್ತದೆ. ಆ ಸಮಾಧಾನವನ್ನು ನಂಬಬಾರದು.

ಅಭ್ಯಾಸವನ್ನು ಯಾವಾಗ ಮಾಡಿಸುತ್ತೇವೆ ಎನ್ನುವಷ್ಟೇ ಮುಖ್ಯ, ಏನು ಮಾಡಿಸುತ್ತೇವೆ ಎನ್ನುವುದು. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರು ಸರದಿಯಲ್ಲಿ ಪಾಠ ಮುಚ್ಚಿಟ್ಟು ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ಮೇಲೆ ಕೇಳಿದಾಗ ಓದಿದವರದೇ ಮೇಲುಗೈ: ಅವರಿಗೆ ಶೇ 83ರಷ್ಟು ನೆನಪಿತ್ತು, ಮುಚ್ಚಿಟ್ಟು ಬರೆದವರಿಗೆ ಶೇ 71. ಒಂದು ವಾರ ಬಿಟ್ಟು ಕೇಳಿದಾಗ ಓದಿದವರು ಶೇ 40ಕ್ಕೆ ಇಳಿದಿದ್ದರು, ಮುಚ್ಚಿಟ್ಟು ಬರೆದವರು ಶೇ 61ರಲ್ಲಿ ನಿಂತಿದ್ದರು. ಪ್ರಾಥಮಿಕ ಶಾಲೆಯ ಮಕ್ಕಳೊಂದಿಗೆ ಬೇರೆಯವರು ನಡೆಸಿದ ಅಧ್ಯಯನಗಳಲ್ಲೂ ಈ ಪರಿಣಾಮ ಕಂಡಿದೆ. ಒಳಗಿರುವುದನ್ನು ತಾನೇ ಹುಡುಕಿ ಹೊರಗೆ ತರುವ ಪ್ರಯತ್ನವೇ ನೆನಪನ್ನು ಗಟ್ಟಿ ಮಾಡುತ್ತದೆ. ಮುಂದೆ ಬರೆದಿಟ್ಟ ಪದವನ್ನು ನೋಡಿ ನೋಡಿ ಕಾಪಿ ಬರೆಯುವಾಗ ಆ ಹುಡುಕಾಟವೇ ನಡೆಯುವುದಿಲ್ಲ. ಹನ್ನೊಂದನೇ ಸಾಲಿನ ಹೊತ್ತಿಗೆ ಮಗುವಿನ ಕೈ ಮಾತ್ರ ಓಡುತ್ತಿರುತ್ತದೆ, ಮನಸ್ಸು ಕಿಟಕಿಯಾಚೆ ಹೋಗಿರುತ್ತದೆ. ಪದ ನೋಡಿಸಿ, ಪುಸ್ತಕ ಮುಚ್ಚಿಸಿ, ಸ್ಲೇಟಿನ ಮೇಲೆ ಒಂದೇ ಒಂದು ಸಲ ಬರೆಸಿ, ಪುಸ್ತಕ ತೆರೆದು ಮಗುವೇ ಹೋಲಿಸಿ ನೋಡಿಕೊಳ್ಳಲಿ. ಎರಡು ದಿನ ಬಿಟ್ಟು ಮತ್ತೊಮ್ಮೆ. ಇಪ್ಪತ್ತು ಸಾಲಿನ ಕಾಪಿಗಿಂತ ಇದರಿಂದ ಹೆಚ್ಚು ಉಳಿಯುತ್ತದೆ.

ಕನ್ನಡ ಓದು ಬರಹದ ವಿಷಯದಲ್ಲಿ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ಇಂಗ್ಲಿಷ್ ಕಲಿಯುವ ಮಗುವಿನ ಮುಂದೆ 26 ಅಕ್ಷರಗಳಿವೆ. ಕನ್ನಡದ ಮಗುವಿನ ಮುಂದೆ ವರ್ಣಮಾಲೆಯ 49 ಇವೆ, ಆದರೆ ಅಲ್ಲಿಗೆ ಮುಗಿಯುವುದಿಲ್ಲ. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ರೂಪಗಳು. ಅದರ ಮೇಲೆ ಒತ್ತಕ್ಷರಗಳು. ಮ, ವ ಒಂದರ ಪಕ್ಕ ಒಂದು ಇಟ್ಟು ನೋಡಿ. ಪ, ಷ ನೋಡಿ. ದ, ಧ, ಥ ನೋಡಿ. ಓದು ಬಂದವರ ಕಣ್ಣಿಗೆ ಅವು ಬೇರೆ ಬೇರೆ, ಮಗುವಿನ ಕಣ್ಣಿಗೆ ಒಂದು ಗೀರಿನ ಅಂತರ. ಬರೆಯುವ ಕ್ರಮವೂ ಸದ್ದಿನ ಕ್ರಮವೂ ಎಲ್ಲ ಕಡೆ ಒಂದೇ ಅಲ್ಲ. ‘ರಸ್ತೆ’ ಎನ್ನುವಾಗ ಎಕಾರ ಕೇಳಿಸುವುದು ತಕಾರ ಆದಮೇಲೆ, ಆದರೆ ಅದರ ಗುರುತು ಕೂತಿರುವುದು ಸಕಾರದ ತಲೆಯ ಮೇಲೆ. ‘ಸೂರ್ಯ’ದಲ್ಲಿ ರೇಫ ಮೊದಲು ಕೇಳುತ್ತದೆ, ಅರ್ಕಾವೊತ್ತು ಬರುವುದು ಯಕಾರದ ಆಚೆ. ಇಂಥ ಕಡೆ ತಪ್ಪುವ ಮಗು ಕಿವಿಯನ್ನು ನಂಬಿ ಬರೆಯುತ್ತಿದೆ. ಅದು ಒಳ್ಳೆಯ ಲಕ್ಷಣವೇ.

ಬೆಂಗಳೂರಿನ ಮಕ್ಕಳಲ್ಲಿ ಕನ್ನಡ ಓದು ಹೇಗೆ ಬೆಳೆಯುತ್ತದೆ ಎಂದು ಸೋನಾಲಿ ನಾಗ್ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ್ದಾರೆ. ಅವರು ಕಂಡಂತೆ ಅಕ್ಷರಗಳ ಮೇಲೆ ಹಿಡಿತ ಒಂದನೇ ತರಗತಿಯಲ್ಲಿ ಮುಗಿಯುವ ಕೆಲಸವಲ್ಲ. ನಾಲ್ಕನೇ ತರಗತಿಯವರೆಗೂ ಅದು ಬೆಳೆಯುತ್ತಲೇ ಇರುತ್ತದೆ. ಇಂಗ್ಲಿಷ್ ಓದಿನ ವೇಗವನ್ನು ಅಳತೆಗೋಲು ಮಾಡಿಕೊಂಡು ಕನ್ನಡದ ಮಗುವನ್ನು ಅಳೆಯುವುದು ಅನ್ಯಾಯ. ಪಕ್ಕದ ಮನೆಯ ಮಗು ಇಂಗ್ಲಿಷ್ ಅಕ್ಷರಗಳನ್ನು ಮುಗಿಸಿತು, ನಮ್ಮದು ಕಾಗುಣಿತದಲ್ಲೇ ಇದೆ ಎಂದು ಕೊರಗುವ ಪಾಲಕರಿಗೆ ಈ ಒಂದು ಸಂಗತಿ ತಲುಪಬೇಕು ಎಂಬುದು ನನ್ನ ಬಲವಾದ ಆಸೆ.

ಕರ್ನಾಟಕದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಯ ನಲಿ ಕಲಿ ಪದ್ಧತಿ ಈ ಕಷ್ಟವನ್ನು ಅರಿತುಕೊಂಡೇ ಹುಟ್ಟಿದಂತಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಬರೆಯಲು ಸುಲಭವಾದವು, ಆಕಾರದಲ್ಲಿ ನಂಟಿರುವವು. ಈ ಐದು ಬಂದ ಕೂಡಲೇ ಮಗು ಸರ, ಅರಸ, ಗರಗಸ ಎಂದು ಓದಬಲ್ಲದು. ವರ್ಣಮಾಲೆಯ ಮೊದಲ ಐದು, ಅಂದರೆ ಅ, ಆ, ಇ, ಈ, ಉ ಕಲಿತ ಮಗುವಿಗೆ ಓದಲು ಒಂದು ಪದವೂ ಸಿಗುವುದು ಕಷ್ಟ. ಇಲ್ಲೇ ಮನೆ ಮತ್ತು ಶಾಲೆಯ ನಡುವೆ ತೊಡಕು ಹುಟ್ಟುತ್ತದೆ. ಶಾಲೆಯಲ್ಲಿ ಈ ವಾರ ‘ಗ’ ನಡೆಯುತ್ತಿರುತ್ತದೆ, ಮನೆಯಲ್ಲಿ ಅಜ್ಜ ‘ಇವರಿಗೆ ಅ ಆ ಇ ಈ ಕೂಡ ಹೇಳಿಕೊಟ್ಟಿಲ್ಲ’ ಎಂದು ಬೇಸರಪಟ್ಟುಕೊಂಡು ಮೊದಲಿನಿಂದ ಶುರುಮಾಡುತ್ತಾರೆ. ಮಗುವಿನ ಮೇಲೆ ಒಂದೇ ವಾರ ಎರಡು ದಾರಿಯ ಹೊರೆ ಬೀಳುತ್ತದೆ. ಈ ವಾರ ಯಾವ ಅಕ್ಷರ, ಯಾವ ಪದ ಎಂದು ಟೀಚರನ್ನು ಕೇಳಿ ತಿಳಿದುಕೊಂಡು ಅದನ್ನೇ ಮನೆಯಲ್ಲಿ ಮುಟ್ಟಿದರೆ ಸಾಕು.

ಅಕ್ಷರ ಬರೆಸುವ ಬಗ್ಗೆಯೂ ಒಂದು ಮಾತು. ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಇನ್ನೂ ಓದು ಬಾರದ ಐದು ವರ್ಷದ ಮಕ್ಕಳಿಂದ ಕೆಲವು ಅಕ್ಷರಗಳನ್ನು ಕೈಯಾರೆ ಬರೆಯಿಸಿದರು, ಕೆಲವನ್ನು ಚುಕ್ಕಿಗಳ ಮೇಲೆ ತಿದ್ದಿಸಿದರು, ಕೆಲವನ್ನು ಟೈಪ್ ಮಾಡಿಸಿದರು. ಆಮೇಲೆ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಓದುವಾಗ ಕೆಲಸ ಮಾಡುವ ಭಾಗಗಳು ಎಚ್ಚೆತ್ತದ್ದು ತಾವೇ ಬರೆದ ಅಕ್ಷರಗಳನ್ನು ಕಂಡಾಗ. 2012ರ ಈ ಅಧ್ಯಯನದಲ್ಲಿ ಸಂಶೋಧಕರು ಕೊಡುವ ವಿವರಣೆ ನನಗೆ ಬಹಳ ಹಿಡಿಸಿತು: ಮಗು ಬರೆದ ಅಕ್ಷರ ಒಂದು ಸಲ ಸೊಟ್ಟ, ಇನ್ನೊಂದು ಸಲ ಉದ್ದ, ಮತ್ತೊಂದು ಸಲ ಅಗಲ. ಇಷ್ಟು ವೇಷಗಳಲ್ಲಿ ಕಂಡಾಗಲೇ ಒಂದು ಅಕ್ಷರದಲ್ಲಿ ಬದಲಾಗದೆ ಉಳಿಯುವುದು ಏನು ಎಂಬುದು ಮಿದುಳಿಗೆ ತಿಳಿಯುತ್ತದೆ. ಸೊಟ್ಟ ಅಕ್ಷರವನ್ನು ಪ್ರತಿಸಲ ರಬ್ಬರಿನಿಂದ ಅಳಿಸಿ ಮುತ್ತಿನಂತೆ ಬರೆಸುವ ಅವಸರ ಬೇಡ.

ಕಾಗುಣಿತ, ಮಗ್ಗಿ ಎರಡನ್ನೂ ನಾವು ಸಾಲಾಗಿ ಹೇಳಿಸುತ್ತೇವೆ. ಕ ಕಾ ಕಿ ಕೀ ಎಂದು ರಾಗವಾಗಿ ಹೇಳುವ ಮಗುವಿಗೆ ನಡುವಿನ ‘ಕೊ’ ಒಂದನ್ನೇ ತೋರಿಸಿದರೆ ಮತ್ತೆ ಕ ಇಂದ ಹೊರಟು ಅಲ್ಲಿಗೆ ಬರಬೇಕು. ಏಳಾರಲಿ ಎಷ್ಟು ಎಂದರೆ ಏಳೊಂದಲಿ ಏಳರಿಂದ ಶುರು. ಸಾಲು ಬಂದಿದೆ, ಬಿಡಿ ಬಂದಿಲ್ಲ. ಕೂಡುವ ಲೆಕ್ಕ ಹತ್ತು, ಆಮೇಲೆ ಕಳೆಯುವ ಲೆಕ್ಕ ಹತ್ತು ಎಂದು ಕೊಡುವುದರಲ್ಲೂ ಇದೇ ದೋಷ: ಎರಡನೇ ಲೆಕ್ಕದಿಂದಾಚೆ ಮಗು ಪ್ರಶ್ನೆ ಓದುವುದನ್ನೇ ಬಿಡುತ್ತದೆ. ಕೆಲ್ಲಿ ಟೇಲರ್ ಮತ್ತು ಡಗ್ ರೋರರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ನಾಲ್ಕು ಬಗೆಯ ಲೆಕ್ಕ ಕಲಿಸಿದರು. ಒಂದೊಂದು ಬಗೆಯನ್ನೂ ಒಟ್ಟಾಗಿ ಮಾಡಿ ಮುಗಿಸಿದ ಮಕ್ಕಳು ಮರುದಿನದ ಪರೀಕ್ಷೆಯಲ್ಲಿ ಶೇ 38 ಗಳಿಸಿದರು, ಬೆರೆಸಿ ಮಾಡಿದವರು ಶೇ 77. ಬೆರೆಸಿದಾಗ ಅಭ್ಯಾಸದ ಹೊತ್ತಿನಲ್ಲಿ ತಪ್ಪು ಹೆಚ್ಚು. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಯಾವ ಲೆಕ್ಕಕ್ಕೆ ಯಾವ ದಾರಿ ಎಂದು ಆರಿಸಿಕೊಳ್ಳುವುದನ್ನು ಮಗು ಆಗಲೇ ಕಲಿಯುತ್ತಿರುತ್ತದೆ.

ಲೆಕ್ಕಕ್ಕೆ ಪುಸ್ತಕವೇ ಬೇಕೆಂದಿಲ್ಲ. ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಅಮೆರಿಕದ ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳೊಡನೆ ಒಂದರಿಂದ ಹತ್ತರವರೆಗೆ ಅಂಕಿ ಬರೆದ ಪಟ್ಟಿಯ ಆಟ ಆಡಿಸಿದರು. ಎರಡು ವಾರದಲ್ಲಿ ನಾಲ್ಕು ಸಲ, ಒಂದೊಂದು ಸಲ ಕಾಲು ಗಂಟೆ. ಸಂಖ್ಯೆಗಳ ಹಿರಿದು ಕಿರಿದು, ಸಾಲಿನಲ್ಲಿ ಅವುಗಳ ಜಾಗ ಮಕ್ಕಳಿಗೆ ಸ್ಪಷ್ಟವಾಯಿತು. ಅಂಕಿಯ ಬದಲು ಬಣ್ಣವಿದ್ದ ಪಟ್ಟಿಯಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ. ನಮ್ಮ ಮನೆಗಳ ಹಾವು ಏಣಿ ಆಟಕ್ಕೂ ಇದನ್ನು ಹೊಂದಿಸಬಹುದು. ಕಾಯಿ 34ರಲ್ಲಿದ್ದು ದಾಳದಲ್ಲಿ ಮೂರು ಬಿದ್ದರೆ ‘ಒಂದು, ಎರಡು, ಮೂರು’ ಎನ್ನದೆ ‘ಮೂವತ್ತೈದು, ಮೂವತ್ತಾರು, ಮೂವತ್ತೇಳು’ ಎಂದು ಹೇಳಿಸಬೇಕು. ಸೀಗ್ಲರ್ ಮುಂದೆ ನಡೆಸಿದ ಅಧ್ಯಯನದಲ್ಲಿ ಮಕ್ಕಳಿಗೆ ನೆರವಾದದ್ದು ಹೀಗೆ ಮುಂದಕ್ಕೆ ಎಣಿಸಿದ್ದೇ.

ಮನೆಯ ನೆರವು ಕೆಡುಕು ಮಾಡುವುದೂ ಉಂಟು. ಒಂದು, ಎರಡನೇ ತರಗತಿಯ ಮಕ್ಕಳ ಬಗ್ಗೆ ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು. ಗಣಿತ ಎಂದರೆ ದಿಗಿಲು ಬೀಳುವ ತಂದೆತಾಯಿ ಮೇಲಿಂದ ಮೇಲೆ ಹೋಂವರ್ಕ್‌ಗೆ ನೆರವಾದಾಗ, ಆ ವರ್ಷ ಮಕ್ಕಳು ಕಲಿತ ಗಣಿತ ಕಡಿಮೆಯಾಗಿ, ಅವರಲ್ಲೂ ದಿಗಿಲು ಬೆಳೆದಿತ್ತು. ಅಂಥ ಪಾಲಕರು ಹೋಂವರ್ಕ್‌ಗೆ ಅಷ್ಟಾಗಿ ಕೂರದ ಮನೆಗಳಲ್ಲಿ ಹೀಗಾಗಿರಲಿಲ್ಲ. ಪಾಲಕರ ಸಿಡುಕು, ನಿಟ್ಟುಸಿರು ಮಗುವಿಗೆ ಪಾಠಕ್ಕಿಂತ ಬೇಗ ಅರ್ಥವಾಗುತ್ತವೆ. ಕೋಪ ಬರುತ್ತಿದೆ ಎನಿಸಿದರೆ ಪುಸ್ತಕ ಮುಚ್ಚಿ ನಾಳೆಗೆ ಇಟ್ಟುಕೊಳ್ಳುವುದು ಮೇಲು.

ಸಣ್ಣ ಮಕ್ಕಳ ಹೋಂವರ್ಕ್ ಬಗ್ಗೆ ಹ್ಯಾರಿಸ್ ಕೂಪರ್ 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಹೋಂವರ್ಕ್‌ಗೂ ಅಂಕಗಳಿಗೂ ನಂಟು ಕಾಣಿಸಿದ್ದು ಹೆಚ್ಚಾಗಿ ದೊಡ್ಡ ತರಗತಿಗಳಲ್ಲಿ. ಕಿರಿಯ ತರಗತಿಗಳಲ್ಲಿ ಅದು ತೀರಾ ದುರ್ಬಲ. ಕೇಂದ್ರ ಸರ್ಕಾರದ 2020ರ ಶಾಲಾ ಚೀಲ ನೀತಿ ಎರಡನೇ ತರಗತಿಯವರೆಗೆ ಹೋಂವರ್ಕ್ ಬೇಡ, ಮೂರರಿಂದ ಐದರವರೆಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಎನ್ನುತ್ತದೆ. ಇದನ್ನು ಶಾಲೆಗಳು ಪಾಲಿಸಬೇಕು, ಪಾಲಕರು ಕೇಳಬೇಕು. ಉಳಿಯುವ ಸಂಜೆಯಲ್ಲಿ ಆಟ, ಮಾತು, ಬೇಗ ಮಲಗುವುದು ಬರಬೇಕು. ಹಗಲು ಕಲಿತದ್ದು ನಿದ್ದೆಯಲ್ಲಿ ನೆಲೆಗೊಳ್ಳುತ್ತದೆ. ರಾತ್ರಿ ಹತ್ತೂವರೆಯವರೆಗೆ ಬರೆಸುವುದು ಆ ಕೆಲಸವನ್ನೇ ಮೊಟಕು ಮಾಡುತ್ತದೆ.

ತಾವು ಓದಿಲ್ಲದ ಕಾರಣ ಮಕ್ಕಳಿಗೆ ನೆರವಾಗಲಾರೆವು ಎಂದುಕೊಂಡಿರುವ ತಾಯಂದಿರು ನಮ್ಮಲ್ಲಿ ಬಹಳ. ಮೇಲೆ ಹೇಳಿದ್ದರಲ್ಲಿ ಬಹುಪಾಲಿಗೆ ಓದು ಬರಬೇಕಿಲ್ಲ. ‘ಮಿಸ್ಸು ಇವತ್ತು ಏನು ಹೇಳಿಕೊಟ್ರು, ನಂಗೂ ಹೇಳಿಕೊಡು ಪುಟ್ಟಿ’ ಎಂದು ರೊಟ್ಟಿ ತಟ್ಟುತ್ತಾ ಕೇಳಿದರೆ ಮಗು ನೆನಪಿನಿಂದ ಹುಡುಕಿ ತೆಗೆಯಲೇಬೇಕು. ಮನೆಮಾತು ತುಳುವೋ, ಲಂಬಾಣಿಯೋ, ದಖನಿ ಉರ್ದುವೋ ಆಗಿದ್ದರೆ ಅದರಲ್ಲೇ ಕೇಳಲಿ, ಅದರಲ್ಲೇ ಉತ್ತರಿಸಲಿ. ಉತ್ತರ ಬರುವವರೆಗೆ ಕಾಯಬೇಕು. ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಗಮನಿಸಿದಾಗ ಶಿಕ್ಷಕರು ಪ್ರಶ್ನೆ ಕೇಳಿ ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ‘ಗೊತ್ತಿಲ್ಲ’ ಎನ್ನುವುದು ಕಡಿಮೆಯಾಯಿತು.

ಇಷ್ಟೆಲ್ಲ ತಾಳ್ಮೆಯ ನಂತರವೂ ಕೆಲವು ಮಕ್ಕಳಿಗೆ ಅಕ್ಷರ ನಿಲ್ಲುವುದಿಲ್ಲ. ಮಾತಿನಲ್ಲಿ ಚುರುಕಾಗಿದ್ದು, ತಿಂಗಳುಗಟ್ಟಲೆ ಅಭ್ಯಾಸದ ಮೇಲೂ ಕಲಿತ ಅಕ್ಷರಗಳನ್ನೇ ಮಗು ಕೂಡಿಸಿ ಓದಲಾರದೆ ಹೋದರೆ ಮೊದಲು ಕಣ್ಣು, ಕಿವಿಯ ಪರೀಕ್ಷೆ ಮಾಡಿಸಬೇಕು. ಅವು ಸರಿಯಿದ್ದರೆ ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆ ಇದೆಯೇ ಎಂದು ತಿಳಿದವರಿಗೆ ತೋರಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ತಪಾಸಣೆ ನಡೆಯುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಈ ತೊಂದರೆಯೂ ಸೇರಿದೆ. ಹಾಗಾಗಿ ಶಾಲೆಯಲ್ಲಿ ವಿಶೇಷ ನೆರವು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಿ ಪಡೆಯಲು ಅವಕಾಶವಿದೆ.