ಮೆಟ್ರೊ ಸುರಂಗಕ್ಕೆ ಎದುರಾದ ಹಳೆಯ ಕಲ್ಲು

ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲಾರ್ ನೈಸ್ ಎನ್ನುತ್ತಾರೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಇದಕ್ಕೆ ಜಾಗವಿದೆ. ಇದೇ ಕಲ್ಲು ಬೆಂಗಳೂರಿನ ಬಹುಭಾಗದ ಅಡಿಯಲ್ಲಿ ಹಾಸಿಕೊಂಡಿದೆ. ನಮ್ಮ ಮೆಟ್ರೊದ ಗುಲಾಬಿ ಮಾರ್ಗಕ್ಕಾಗಿ ಡೇರಿ ವೃತ್ತದಿಂದ ನಾಗವಾರದವರೆಗೆ 13.76 ಕಿ.ಮೀ. ನೆಲದಡಿ ಸಾಗಿದ ಒಂಬತ್ತು ಸುರಂಗ ಯಂತ್ರಗಳು ಸೆಣಸಿದ್ದು ಇದರೊಂದಿಗೇ.

ಕಲ್ಲು ಪೂರ್ತಿ ಗಟ್ಟಿಯಾಗಿದ್ದಿದ್ದರೆ ಕೆಲಸ ಇಷ್ಟು ಕಷ್ಟವಾಗುತ್ತಿರಲಿಲ್ಲ. ತೊಂದರೆ ಕೊಟ್ಟದ್ದು ಅದರ ಏರುಪೇರು. ಮಳೆನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲೀಯವಾಗಿ ಬಂಡೆಯ ಬಿರುಕುಗಳಿಗೆ ಇಳಿಯುತ್ತದೆ. ನೈಸ್‌ನಲ್ಲಿರುವ ಫೆಲ್ಡ್‌ಸ್ಪಾರ್ ಆ ನೀರಿಗೆ ಸಿಕ್ಕಿ ನಿಧಾನವಾಗಿ ಜೇಡಿಯಾಗುತ್ತದೆ. ಬೆಣಚು ಜಗ್ಗದೆ ಮರಳಾಗಿ ಉಳಿಯುತ್ತದೆ. ಕಬ್ಬಿಣದ ಅಂಶ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬರುತ್ತದೆ. ಬಿರುಕುಗಳು ಒತ್ತೊತ್ತಾಗಿ ಇರುವಲ್ಲಿ ಬಂಡೆ ಆಳದವರೆಗೂ ಮಣ್ಣಾಗಿದ್ದರೆ, ವಿರಳವಾಗಿರುವಲ್ಲಿ ಒಳತಿರುಳು ಹಾಗೆಯೇ ಉಳಿದು ಮಣ್ಣಿನ ನಡುವೆ ಗುಂಡುಗಲ್ಲಾಗಿ ಕೂತಿರುತ್ತದೆ. ಆದ್ದರಿಂದ ಒಂದೇ ಬೀದಿಯ ಎರಡು ತುದಿಗಳಲ್ಲಿ ಬಂಡೆ ಸಿಗುವ ಆಳ ಬೇರೆ ಬೇರೆ.

ಯಂತ್ರದ ಮುಂಭಾಗ ಆರು ಮೀಟರಿಗೂ ಹೆಚ್ಚು ಅಗಲದ ತಿರುಗುವ ಚಕ್ರ. ಗಟ್ಟಿ ಕಲ್ಲನ್ನು ಒಡೆಯಲು ಅದರಲ್ಲಿ ಉಕ್ಕಿನ ಬಿಲ್ಲೆಗಳಿವೆ. ಅವು ಕಲ್ಲನ್ನು ಒತ್ತಿ ಉರುಳುವಾಗ ಎರಡು ಗೆರೆಗಳ ನಡುವಿನ ಭಾಗ ಚಕ್ಕೆಚಕ್ಕೆಯಾಗಿ ಸಿಡಿಯುತ್ತದೆ. ಮಣ್ಣಿಗಾದರೆ ಕೆರೆಯುವ ಹಲ್ಲುಗಳು ಸಾಕು. ಚಕ್ರದ ಕೆಳಗಿನ ಅರ್ಧಕ್ಕೆ ಬಂಡೆ, ಮೇಲಿನ ಅರ್ಧಕ್ಕೆ ಸಡಿಲ ಮಣ್ಣು ಎದುರಾದಾಗ ಬಿಲ್ಲೆಗಳಿಗೆ ಆಗುವುದು ಮೆತ್ತನೆಯ ಅನ್ನ ಜಗಿಯುವಾಗ ಹಲ್ಲಿಗೆ ಕಲ್ಲು ಸಿಕ್ಕಂತೆ. ಪ್ರತಿ ಸುತ್ತಿನಲ್ಲೂ ಮಣ್ಣಿನಿಂದ ಕಲ್ಲಿಗೆ ಬಡಿದು ಅವು ಒಡೆಯುತ್ತವೆ, ಒಂದೇ ಕಡೆ ಸವೆಯುತ್ತವೆ. ಬಂಡೆಯನ್ನು ಸವೆಸುವಷ್ಟು ಹೊತ್ತು ಚಕ್ರ ಅಲ್ಲೇ ತಿರುಗುತ್ತಿರುವಾಗ ಮೇಲಿನ ಮಣ್ಣು ಬೇಕಾದ್ದಕ್ಕಿಂತ ಹೆಚ್ಚು ಕುಸಿದು ಒಳಬರಬಹುದು. ಆಗ ರಸ್ತೆಯೇ ಬಾಯಿ ತೆರೆಯುವ ಅಪಾಯ. 2020ರಲ್ಲಿ ಕಂಟೋನ್ಮೆಂಟ್‌ನಿಂದ ಹೊರಟ 'ಊರ್ಜಾ' ಯಂತ್ರ ಸುಮಾರು 850 ಮೀಟರ್ ದೂರದ ಶಿವಾಜಿನಗರ ಮುಟ್ಟಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಅಷ್ಟು ಸಮಯ ಹಿಡಿದದ್ದನ್ನು ಬರೀ ಆಲಸ್ಯ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಸವೆದ ಬಿಲ್ಲೆ ಬದಲಿಸಲು ಮನುಷ್ಯರೇ ಚಕ್ರದ ಹಿಂದಿನ ಕೋಣೆಗೆ ಹೋಗಬೇಕು. ಮಣ್ಣು, ನೀರು ಒಳನುಗ್ಗದಂತೆ ಅಲ್ಲಿ ಗಾಳಿಯ ಒತ್ತಡ ಹೆಚ್ಚಿಸುವುದುಂಟು. ಅಂಥ ಕಡೆ ಕೆಲಸ ಮಾಡಿದವರು ಆಳಸಮುದ್ರದ ಮುಳುಗುಗಾರರ ಹಾಗೆ, ಒತ್ತಡವನ್ನು ಹಂತಹಂತವಾಗಿ ಇಳಿಸಿಕೊಂಡೇ ಹೊರಬರಬೇಕು. ಅವಸರ ಮಾಡಿದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಪ್ರಾಣಕ್ಕೇ ಕುತ್ತು. ಉದ್ಘಾಟನೆಯ ಫಲಕಗಳಲ್ಲಿ ಇವರ ಹೆಸರಿಗೂ ಜಾಗ ಇರಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಇದರ ಜೊತೆಗೆ ಬಾವಿಗಳು. ಮುಚ್ಚಿ ಮೇಲೆ ಮನೆ ಕಟ್ಟಿದ ಹಳೆಯ ತೆರೆದ ಬಾವಿ, ನೀರು ಬತ್ತಿ ಕೈಬಿಟ್ಟ ಕೊಳವೆಬಾವಿ, ಇವೆಲ್ಲ ಎಲ್ಲಿವೆ ಎಂಬುದಕ್ಕೆ ಪೂರ್ಣ ದಾಖಲೆ ಇಲ್ಲ. ಮುಂಭಾಗದ ಮಣ್ಣನ್ನು ಆತುಕೊಳ್ಳಲು ಒತ್ತಡದಲ್ಲಿ ತುಂಬುವ ಬೆಂಟೊನೈಟ್ ಕೆಸರಿಗೆ ಕೊಳವೆಬಾವಿ ಸಿಕ್ಕರೆ, ಅದು ಸೀದಾ ಯಾರದೋ ಅಂಗಳಕ್ಕೆ ಚಿಮ್ಮುತ್ತದೆ. ಆತುಕೊಂಡಿದ್ದ ಒತ್ತಡವೂ ಆ ಕ್ಷಣಕ್ಕೆ ತಪ್ಪುತ್ತದೆ.

ಗುಲಾಬಿ ಮಾರ್ಗದ ಸುರಂಗ ಕೊರೆತ 2024ರ ಅಕ್ಟೋಬರ್‌ನಲ್ಲಿ 'ಭದ್ರಾ' ಯಂತ್ರ ನಾಗವಾರದಲ್ಲಿ ಹೊರಬರುವುದರೊಂದಿಗೆ ಮುಗಿಯಿತು. ಆದರೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆಯ ಯೋಜನೆ ಈಗಾಗಲೇ ಮುಂದಿದೆ. ಪ್ರತಿ ಸುರಂಗಕ್ಕೂ ಮೊದಲು ದಾರಿಯುದ್ದಕ್ಕೂ ರಂಧ್ರ ಕೊರೆದು ಮಣ್ಣು, ಕಲ್ಲು, ಅಂತರ್ಜಲದ ಮಟ್ಟವನ್ನು ಬರೆದಿಡುತ್ತಾರೆ. ಯಂತ್ರ ಸಾಗಿದ ಮೇಲೆ ನಿಜವಾಗಿ ಏನು ಸಿಕ್ಕಿತು ಎಂಬುದೂ ತಿಳಿಯುತ್ತದೆ. ಸಾರ್ವಜನಿಕರ ದುಡ್ಡಿನಲ್ಲಿ ಸಿಕ್ಕ ಈ ಮಾಹಿತಿಯನ್ನು ಒಂದೇ ನಕ್ಷೆಯಲ್ಲಿ ಕೂಡಿಸಿ ಎಲ್ಲರಿಗೂ ತೆರೆದಿಡಬೇಕು. ಮುಂದಿನ ಸುರಂಗದ ಎಂಜಿನಿಯರಿಗೆ, ಅಡಿಪಾಯ ತೋಡುವ ಮೇಸ್ತ್ರಿಗೆ, ಮಳೆನೀರು ಎಲ್ಲಿ ಇಂಗುತ್ತದೆ ಎಂದು ಹುಡುಕುವ ಬಡಾವಣೆಯವರಿಗೆ ಬೇಕಿರುವುದು ಆ ಒಂದೇ ನಕ್ಷೆ.