ಮೀನು ಮಾರುಕಟ್ಟೆಯ ಮದುಮಗ ಮತ್ತು 282 ಅಂಕ

ಇಪ್ಪತ್ತನೇ ಶತಮಾನದ ಆರಂಭದ ಒಂದು ರಾತ್ರಿ. ಮುಂಬಯಿಯ ಬೈಕುಲ್ಲಾ ಮಾರುಕಟ್ಟೆಯಲ್ಲಿ ಮೀನಿನ ವ್ಯಾಪಾರ ಮುಗಿದ ಮೇಲೆ ಅಲ್ಲೇ ಒಂದು ಮದುವೆ ನಡೆಯಿತು. ಒಂದು ಮೂಲೆಯಲ್ಲಿ ಗಂಡಿನ ಕಡೆಯವರು, ಇನ್ನೊಂದರಲ್ಲಿ ಹೆಣ್ಣಿನ ಕಡೆಯವರು. ಕಲ್ಲುಕಟ್ಟೆಗಳೇ ಬೆಂಚು, ಕಾಲಡಿ ಕೊಳೆನೀರು. ಬೆಳಗಿನ ವ್ಯಾಪಾರ ಶುರುವಾಗುವುದರೊಳಗೆ ಜಾಗ ಖಾಲಿ ಮಾಡಬೇಕಿತ್ತು. ಮದುಮಗಳು ರಮಾಬಾಯಿ, ಮದುಮಗ ಎಲ್ಫಿನ್‌ಸ್ಟನ್ ಹೈಸ್ಕೂಲಿನ ಭೀಮರಾವ್ ಅಂಬೇಡ್ಕರ್.

1907ರಲ್ಲಿ ಅವರು ಮೆಟ್ರಿಕ್ ಪಾಸಾದರು. ಸಿಕ್ಕಿದ್ದು 750ಕ್ಕೆ 282, ಅಂದರೆ ಶೇ 37.6. ಅಸ್ಪೃಶ್ಯ ಮನೆಯ ಹುಡುಗ ಪಾಸಾದದ್ದೇ ದೊಡ್ಡದೆಂದು ಜನ ಸೇರಿ ಸನ್ಮಾನಿಸಿದರು. ಇಂದಿನ ಪಿಯುಸಿ ಅಂಕಪಟ್ಟಿಯಲ್ಲಿ ಇದೇ ಅಂಕ ಇದ್ದಿದ್ದರೆ? ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮದಂತೆ ಐದು ವರ್ಷದ ಕಾನೂನು ಕೋರ್ಸಿಗೆ ಪರಿಶಿಷ್ಟರಿಗೂ ಶೇ 40 ಬೇಕು. ಸಂವಿಧಾನ ಬರೆದವರು ಬಾಗಿಲಲ್ಲೇ ನಿಲ್ಲಬೇಕಾಗುತ್ತಿತ್ತು!

ಅವರನ್ನು ಮುಂದಕ್ಕೆ ಒಯ್ದದ್ದು ಆಮೇಲಿನ ಓದು. ಬರೋಡಾ ಮಹಾರಾಜರ ವಿದ್ಯಾರ್ಥಿವೇತನ, 1913ರಲ್ಲಿ ಅಮೆರಿಕದ ಕೊಲಂಬಿಯಾ ವಿವಿ, 1916ರಲ್ಲಿ ಬ್ಯಾರಿಸ್ಟರ್ ಓದಿಗೆ ಲಂಡನ್ನಿನ ಗ್ರೇಸ್ ಇನ್. ವೇತನ ಮುಗಿದು ಓದು ಅರ್ಧಕ್ಕೇ ನಿಂತಿತು. ಊರಿಗೆ ಬಂದು ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಹಣ ಕೂಡಿಸಿ 1920ರಲ್ಲಿ ಮತ್ತೆ ಹಡಗು ಹತ್ತಿದರು. 1922ರಲ್ಲಿ ಬ್ಯಾರಿಸ್ಟರ್. 1935ರಲ್ಲಿ ಮುಂಬಯಿಯ ಸರ್ಕಾರಿ ಲಾ ಕಾಲೇಜಿಗೆ ಪ್ರಾಂಶುಪಾಲರಾದರು.

ಈಗ ಬೈಕುಲ್ಲಾದ ಹುಡುಗಿಯೊಬ್ಬಳು ಬಿ.ಕಾಂ.ನಲ್ಲಿ ಶೇ 46 ತೆಗೆದು ಮುಖ ಸಣ್ಣದು ಮಾಡಿಕೊಂಡರೆ ಅವಳಿಗೆ ಹೇಳಬೇಕಾದ ಮಾತು ಒಂದೇ: ಮೂರು ವರ್ಷದ ಎಲ್‌ಎಲ್‌ಬಿಗೆ ಸಾಮಾನ್ಯ ವರ್ಗದಲ್ಲಿ ಶೇ 45 ಇದ್ದರೆ ಹೊಸಿಲು ದಾಟಿದಂತೆ. ಅಲ್ಲಿಂದಾಚೆ ಸರದಿ ನಿರ್ಧರಿಸುವುದು ಪ್ರವೇಶ ಪರೀಕ್ಷೆಯಾದ ಸಿಇಟಿಯ ಅಂಕ. 2016ರಿಂದ ಮಹಾರಾಷ್ಟ್ರದಲ್ಲಿ ಹೀಗೇ. ಪದವಿಯಲ್ಲಿ ಶೇ 80 ತೆಗೆದವನೂ ಅದೇ ಸಾಲಿನಲ್ಲಿ. ಈ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕತ್ತರಿಸುವುದಿಲ್ಲ. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ರಾಷ್ಟ್ರೀಯ ಕಾನೂನು ವಿವಿಗಳ ಕ್ಲಾಟ್ ಹಾಗಲ್ಲ, ಪ್ರತಿ ತಪ್ಪಿಗೂ ಕಾಲು ಅಂಕ ಹೋಗುತ್ತದೆ.

ಒಂದು ಗುಂಡಿ ಇದೆ. ಪಿಯುಸಿ ಓದದೆ ನೇರವಾಗಿ ಮುಕ್ತ ವಿವಿಯಲ್ಲಿ ಪದವಿ ಪಡೆದವರನ್ನು ಪರಿಷತ್ತಿನ ನಿಯಮ ಒಳಗೆ ಬಿಡುವುದಿಲ್ಲ. ಪಿಯುಸಿ ಮಾಡಿ ಅಂಚೆ ಮೂಲಕ ಪದವಿ ಓದಿದವರಿಗೆ ತೊಂದರೆಯಿಲ್ಲ. ಕೋಚಿಂಗ್‌ಗೆ ಹಣ ಕಟ್ಟುವ ಮೊದಲು ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

ಮುಂಬಯಿ ಕನ್ನಡಿಗರಿಗೆ ತಡವಾಗಿ ಓದುವುದು ಹೊಸತೇನಲ್ಲ. ಹಗಲು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ತೂಕಡಿಸುತ್ತಲೇ ಮೆಟ್ರಿಕ್ ಕಟ್ಟಿದ ತುಳುನಾಡಿನ ಹುಡುಗರಿಗೆ ಶೇಕಡಾವಾರು ಲೆಕ್ಕ ಹಾಕುವಷ್ಟು ಪುರಸೊತ್ತು ಎಲ್ಲಿತ್ತು? ದುಡಿಯುವವರೂ ಓದಲೆಂದು 1946ರಲ್ಲಿ ಬೆಳಗಿನ ತರಗತಿಗಳ ಸಿದ್ಧಾರ್ಥ ಕಾಲೇಜು ಶುರುವಾಯಿತು. ಅದೇ ಸಂಸ್ಥೆ 1956ರಲ್ಲಿ ಫೋರ್ಟ್‌ನಲ್ಲಿ ಲಾ ಕಾಲೇಜನ್ನೂ ತೆರೆಯಿತು. ಎರಡನ್ನೂ ಕಟ್ಟಿದ ಪೀಪಲ್ಸ್ ಎಜುಕೇಷನ್ ಸೊಸೈಟಿಯ ಸ್ಥಾಪಕರು ಆ 282 ಅಂಕದ ಹುಡುಗನೇ.