ಕೀಟಗಳ ಕಡಿತ: ತುರಿಕೆಗೆ ಶಮನ, ಅಪಾಯಕ್ಕೆ ಎಚ್ಚರ

ಮಳೆಗಾಲ ಕಾಲಿಟ್ಟಿತೆಂದರೆ ಅಂಗಳ, ತೋಟ, ಕೊಟ್ಟಿಗೆಗಳಲ್ಲಿ ಸೊಳ್ಳೆ, ನುಸಿ, ಚಿಗಟಗಳ ಕಾಟ ಹೆಚ್ಚುತ್ತದೆ. ಕೀಟ ಕಡಿದ ಜಾಗ ಕೆಂಪಾಗಿ ಉಬ್ಬಿ ತುರಿಸುವುದು ಎಲ್ಲರ ಅನುಭವಕ್ಕೂ ಬಂದ ಸಂಗತಿ. ಬಹುಪಾಲು ಕಡಿತಗಳು ಕೆಲವೇ ದಿನಗಳಲ್ಲಿ ತಾವಾಗಿಯೇ ಮಾಯುತ್ತವೆ. ಆದರೂ ಯಾವುದನ್ನು ಮನೆಯಲ್ಲಿಯೇ ಶಮನಗೊಳಿಸಬಹುದು, ಯಾವುದಕ್ಕೆ ತಡಮಾಡದೆ ವೈದ್ಯರನ್ನು ಕಾಣಬೇಕು ಎಂಬ ವಿವೇಕ ಪ್ರತಿಯೊಂದು ಕುಟುಂಬದಲ್ಲಿಯೂ ಇರುವುದು ಅವಶ್ಯ.

ತುರಿಕೆ ಏಕೆ?

ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ. ಹೀರುವಾಗ ಅದು ತನ್ನ ಜೊಲ್ಲನ್ನು ನಮ್ಮ ಚರ್ಮದೊಳಗೆ ಸೇರಿಸುತ್ತದೆ. ಆ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಶರೀರವು ಪರಕೀಯವೆಂದು ಗುರುತಿಸಿ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಸೂಸುತ್ತದೆ. ಊತಕ್ಕೂ ತುರಿಕೆಗೂ ಇದೇ ಮುಖ್ಯ ಕಾರಣ. ಕೆರೆದಷ್ಟೂ ತುರಿಕೆ ಹೆಚ್ಚುತ್ತದೆ. ಉಗುರು ತಾಗಿ ಚರ್ಮ ಹರಿದರೆ ರೋಗಾಣುಗಳು ಒಳಸೇರಿ ಕೀವಾಗುತ್ತದೆ. ಆದ್ದರಿಂದ ಮಕ್ಕಳ ಉಗುರನ್ನು ಚಿಕ್ಕದಾಗಿ ಕತ್ತರಿಸುವುದೇ ಮೊದಲ ಉಪಚಾರ.

ಮನೆಯ ಉಪಚಾರ

ಕಡಿದ ಜಾಗವನ್ನು ಸಾಬೂನು ನೀರಿನಿಂದ ತೊಳೆದು, ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಇಡಬೇಕು. ಮಂಜುಗಡ್ಡೆಯಾದರೆ ಬಟ್ಟೆಯಲ್ಲಿ ಸುತ್ತಿಯೇ ಇಡಬೇಕು. ಅನಂತರ ಕ್ಯಾಲಮಿನ್ ಲೋಷನ್ ಹಚ್ಚಿದರೆ ಹಿತವೆನಿಸುತ್ತದೆ. ತುರಿಕೆ ನಿದ್ರೆಗೆಡಿಸುವಂತಿದ್ದರೆ ವೈದ್ಯರ ಸಲಹೆಯಂತೆ ಸೆಟಿರಿಜಿನ್‌ನಂತಹ ಮಾತ್ರೆ ಕೊಡಬಹುದು.

ಜೇನುನೊಣ ಕುಟುಕಿದರೆ ಅದರ ಮುಳ್ಳು ಚರ್ಮದಲ್ಲಿಯೇ ಉಳಿದು ವಿಷವನ್ನು ಒಳಬಿಡುತ್ತಿರುತ್ತದೆ. ಅದನ್ನು ಉಗುರಿನಿಂದ ಕೆರೆದು ಕೂಡಲೇ ತೆಗೆಯಬೇಕು. ಇಲ್ಲಿ ವಿಧಾನಕ್ಕಿಂತ ತ್ವರೆಯೇ ಮುಖ್ಯ.

ಸುಣ್ಣ, ಸೀಮೆಎಣ್ಣೆ ಹಚ್ಚುವ ರೂಢಿ ಕೆಲವೆಡೆ ಇದೆ. ಇವು ಚರ್ಮವನ್ನು ಸುಡುವುದರಿಂದ ಬಿಡುವುದು ಲೇಸು. ಕರ್ಪೂರ ಬೆರೆಸಿದ ಎಣ್ಣೆ ಎಳೆಗೂಸುಗಳಿಗೆ ಸಲ್ಲದು. ಕರ್ಪೂರ ಹೊಟ್ಟೆಗೆ ಹೋದರೆ ಮಗುವಿಗೆ ಅಪಸ್ಮಾರದಂತಹ ಸೆಳವು ಬರುವ ಅಪಾಯವಿದೆ.

ತಡಮಾಡಬಾರದ ಸಂದರ್ಭಗಳು

ಜೇನು, ಕಣಜ ಅಥವಾ ಇರುವೆ ಕಚ್ಚಿದ ಕೆಲವೇ ನಿಮಿಷಗಳಲ್ಲಿ ತುಟಿ, ನಾಲಗೆ ಊದಿಕೊಂಡು ಉಸಿರು ಕಟ್ಟಿದರೆ, ಮೈಯೆಲ್ಲ ದದ್ದೆದ್ದು ತಲೆಸುತ್ತು ಬಂದರೆ ಅದು ಪ್ರಾಣಾಪಾಯದ ಲಕ್ಷಣ. ಆಗ ಬೇಕಾದುದು ಅಡ್ರಿನಲಿನ್ ಚುಚ್ಚುಮದ್ದು, ಮಾತ್ರೆ ಸಾಲದು. 108 ಕ್ಕೆ ಕರೆಮಾಡಿ ರೋಗಿಯನ್ನು ಆಸ್ಪತ್ರೆಗೆ ಸೇರಿಸಬೇಕು. ಅಲ್ಲಿಯವರೆಗೆ ರೋಗಿಯನ್ನು ನಡೆಸಬಾರದು. ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಉಸಿರಾಟ ಕಷ್ಟವಾದರೆ ಕೂರಿಸಬಹುದು.

ಕಡಿತದ ಬಳಿಕ ಬರುವ ಜ್ವರವನ್ನೂ ಲಘುವಾಗಿ ಕಾಣಬಾರದು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಹರಡುವಂತಹುದು. ಕಾಡಿನಿಂದ ಮರಳಿದವರು ಮೈ ಪರೀಕ್ಷಿಸಿಕೊಂಡು, ಕಚ್ಚಿಕೊಂಡಿರುವ ಉಣ್ಣೆಯನ್ನು ಚಿಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು, ಹಿಸುಕಬಾರದು, ಸುಡಬಾರದು. ಪೊದೆಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿಗಳಿಂದ ಬರುವ ಸ್ಕ್ರಬ್ ಟೈಫಸ್ ಜ್ವರದಲ್ಲಿ ಕಂಕುಳು, ಸೊಂಟ, ತೊಡೆಸಂದುಗಳಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಕಾಣಬಹುದು. ರೋಗಿ ಅದನ್ನು ಗಮನಿಸಿರುವುದೇ ಇಲ್ಲ. ಮನೆಯವರು ನೋಡಿ ವೈದ್ಯರಿಗೆ ತಿಳಿಸಬೇಕು. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧಿಯಿಂದಲೇ ಗುಣವಾಗುವ ಈ ರೋಗ, ತಡವಾದರೆ ಪ್ರಾಣಕ್ಕೇ ಎರವಾಗುತ್ತದೆ.

ಕಡಿಯದಂತೆ ಕಾಯುವುದು ಎಲ್ಲಕ್ಕಿಂತ ಮೇಲು. ಡೆಂಗ್ಯೂ ಹರಡುವ ಸೊಳ್ಳೆ ಹಗಲಿನಲ್ಲಿ ಕಡಿಯುತ್ತದೆ. ಮನೆಯ ತೊಟ್ಟಿ, ಡ್ರಮ್ಮುಗಳ ತಿಳಿನೀರಿನಲ್ಲಿಯೇ ಹುಟ್ಟುತ್ತದೆ. ವಾರಕ್ಕೊಮ್ಮೆ ಅವುಗಳನ್ನು ಬರಿದುಮಾಡಿ, ಉಜ್ಜಿ ತೊಳೆದು, ಮುಚ್ಚಿಡೋಣ. ಹಗಲು ಮಲಗುವ ಕೂಸಿಗೂ ಸೊಳ್ಳೆಪರದೆ ಕಟ್ಟೋಣ. ಇಷ್ಟು ಮಾಡಲು ಹಣ ಬೇಕಿಲ್ಲ, ಮನೆಮಂದಿಯ ನಿತ್ಯದ ಎಚ್ಚರವೊಂದಿದ್ದರೆ ಸಾಕು.